ಹಿಂದೆ ಉಳಿದವರನ್ನು ಎಣಿಸುವವರು ಯಾರು?

ಮಾನ್ಯ ಸಂಪಾದಕರೇ,

ಶುಕ್ರವಾರ ರಾತ್ರಿ ಹತ್ತರ ಮೇಲೆ ಮೆಜೆಸ್ಟಿಕ್ ಕಡೆ ಹೋದರೆ, ಬೆನ್ನಿಗೆ ದೊಡ್ಡ ಬ್ಯಾಗ್ ಹಾಕಿಕೊಂಡು ಬೆಟ್ಟ ಹತ್ತಲು ಹೊರಟ ಹುಡುಗ ಹುಡುಗಿಯರು ಬಸ್ಸಿಗೆ ಕಾಯುತ್ತಿರುತ್ತಾರೆ. ಅವರನ್ನು ನೋಡಿದರೆ ನನಗೆ ಖುಷಿ. ಮೂವತ್ತೊಂದು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ಮಕ್ಕಳನ್ನು ಶಿವಗಂಗೆ, ಸಾವನದುರ್ಗ, ನಂದಿ ಬೆಟ್ಟ ಹತ್ತಿಸಿದ್ದೇನೆ. ಬೆಟ್ಟ ಹತ್ತಬೇಡಿ ಅನ್ನೋಕೆ ಈ ಪತ್ರ ಬರೆಯುತ್ತಿಲ್ಲ.

ಕಳೆದ ಡಿಸೆಂಬರಿನಲ್ಲಿ ಮಗಳ ಜೊತೆ ಕುಮಾರ ಪರ್ವತಕ್ಕೆ ಹೋಗಿದ್ದೆ. ಬೆಂಗಳೂರಿನದೇ ಒಂದು ಟ್ರೆಕ್ಕಿಂಗ್ ತಂಡ. ಒಟ್ಟು 38 ಜನ. ಬೆಳಗಿನ ಜಾವ ಸೋಮವಾರಪೇಟೆ ಕಡೆಯ ಬೀದಳ್ಳಿಯಲ್ಲಿ ಇಳಿಸಿದರು. ಅಲ್ಲಿಂದ ತುದಿಗೆ ಸುಮಾರು 7 ಕಿ.ಮೀ. ಎತ್ತರ 1712 ಮೀಟರ್. ಇಳಿಯುವುದು ಆಚೆ ಕಡೆ. ಶೇಷ ಪರ್ವತ, ಕಲ್ಲು ಮಂಟಪ, ಗಿರಿಗದ್ದೆ ದಾಟಿ ಕುಕ್ಕೆಗೆ ಇನ್ನೂ 13 ಕಿ.ಮೀ. ನಮ್ಮನ್ನು ಇಳಿಸಿದ ಬಸ್ಸು ಸುತ್ತಿಕೊಂಡು ಹೋಗಿ ಕುಕ್ಕೆಯಲ್ಲಿ ಕಾಯುತ್ತದೆ.

ತೊಂದರೆ ಇರುವುದು ಇಲ್ಲೇ. ಸಾವನದುರ್ಗದಲ್ಲಿ ಹತ್ತಿದ ದಾರಿಯಲ್ಲೇ ಇಳಿಯುತ್ತೇವೆ. ಯಾರಾದರೂ ಸುಸ್ತಾಗಿ ಅರ್ಧದಲ್ಲಿ ಕುಳಿತರೂ ಇಳಿಯುವಾಗ ಸಿಕ್ಕೇ ಸಿಗುತ್ತಾರೆ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವಾಗ ಹಾಗಲ್ಲ. ಹಿಂದೆ ಉಳಿದವನ ಹತ್ತಿರಕ್ಕೆ ಯಾರೂ ವಾಪಸ್ ಬರುವುದಿಲ್ಲ.

ತುದಿಯಲ್ಲಿ ಎಲ್ಲರೂ ಫೋಟೊ ತೆಗೆಸಿಕೊಂಡರು. ಇಬ್ಬರು ಲೀಡರ್‌ಗಳೂ ಮುಂದಿನವರ ಜೊತೆ ಇಳಿದುಬಿಟ್ಟರು. ತಲೆ ಎಣಿಸಲಿಲ್ಲ. ನನಗೆ ಅರವತ್ತೆರಡು, ನಿಧಾನವಾಗಿ ಬರುತ್ತಿದ್ದೆ. ಶೇಷ ಪರ್ವತಕ್ಕೆ ಮುಂಚೆ ಸಿಗುವ ಕಾಡಿನಲ್ಲಿ ಒಬ್ಬ ಹುಡುಗ ಬೇರಿನ ಮೇಲೆ ಕುಳಿತಿದ್ದ. ಬಲಗಾಲಿನ ಶೂ ತಳ ಬಾಯಿ ಬಿಟ್ಟಿತ್ತು. ವರ್ಷಗಟ್ಟಲೆ ಹಾಕದೆ ಇಟ್ಟ ಶೂಗಳು ಹೀಗಾಗುತ್ತವೆ. ಅವನು ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದ, ಬಿಟ್ಟ ಕೂಡಲೇ ಮತ್ತೆ ಬಾಯಿ ಬಿಡುತ್ತಿತ್ತು. ನೀರು ಖಾಲಿ. ಮೊಬೈಲ್ ಸಿಗ್ನಲ್ ಇಲ್ಲ. “ನೀವು ಹೋಗಿ ಅಂಕಲ್, ಹಿಂದೆ ಲೀಡರ್ ಬರ್ತಿದಾರೆ” ಅಂದ. ನಮ್ಮ ಹಿಂದೆ ಯಾರೂ ಇರಲಿಲ್ಲ.

ಮಗಳು ತನ್ನ ಬ್ಯಾಗಿನ ದಾರ ಬಿಚ್ಚಿ ಆ ಶೂಗೆ ಸುತ್ತಿ ಕಟ್ಟಿದಳು. ಸ್ವಲ್ಪ ದೂರ ನಡೆದರೆ ಸಡಿಲ, ಮತ್ತೆ ಕಟ್ಟಬೇಕು. ಶೇಷ ಪರ್ವತದ ಕೆಳಗೆ ಬರೀ ಹುಲ್ಲು, ನೆರಳೇ ಇಲ್ಲ. ಕಲ್ಲು ಮಂಟಪಕ್ಕೆ ಬಂದಾಗ ನಾಲ್ಕೂವರೆ. ಡಿಸೆಂಬರಿನಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ. ಗಿರಿಗದ್ದೆಯ ಭಟ್ಟರ ಮನೆ ದಾಟಿದ ಮೇಲೆ ದಟ್ಟ ಕಾಡು, ಅಲ್ಲಿ ಕತ್ತಲು ಇನ್ನೂ ಬೇಗ. ಕೊನೆಯ ಎರಡು ಗಂಟೆ ಟಾರ್ಚ್ ಬೆಳಕಿನಲ್ಲಿ ಬೇರು, ಕಲ್ಲು ನೋಡಿಕೊಂಡು ಇಳಿದೆವು. ಆ ಹುಡುಗ ಮಾತೇ ಆಡಲಿಲ್ಲ. ನನ್ನ ಬ್ಯಾಗಿನ ಪಟ್ಟಿ ಹಿಡಿದುಕೊಂಡೇ ಬಂದ. ಕುಕ್ಕೆಯಲ್ಲಿ ಮೂರು ಸೀಟು ಖಾಲಿ ಕಂಡ ಮೇಲೆಯೇ ನಮ್ಮ ನೆನಪಾಯಿತು ಅಂತ ಬಸ್ಸಿನ ಡ್ರೈವರ್ ಹೇಳಿದರು.

ಶಾಲೆಯಲ್ಲಿ ನಾನು ಎಲ್ಲರಿಗಿಂತ ಗಟ್ಟಿ ಹುಡುಗನನ್ನು ಸಾಲಿನ ಕೊನೆಗೆ ನಿಲ್ಲಿಸುತ್ತಿದ್ದೆ. ಅವನ ಕೊರಳಿಗೊಂದು ವಿಷಲ್. ಯಾರನ್ನೂ ಹಿಂದೆ ಹಾಕಬಾರದು, ಅಷ್ಟೇ ಅವನ ಕೆಲಸ. ವಾರಾಂತ್ಯದ ತಂಡಗಳನ್ನು ನಡೆಸುವವರಲ್ಲಿ ನಾನು ಕೇಳುವುದೂ ಇದನ್ನೇ. ಕೊನೆಯವನ ಹಿಂದೆ ಒಬ್ಬ ಲೀಡರ್ ಇರಲೇಬೇಕು. ತುದಿಯಲ್ಲಿ ಎಣಿಸದೆ ಒಬ್ಬರೂ ಇಳಿಯಬಾರದು. ಹೊತ್ತಿಗೆ ಸರಿಯಾಗಿ ತುದಿ ಮುಟ್ಟದವರನ್ನು ಜೊತೆಗೊಬ್ಬರನ್ನು ಕೊಟ್ಟು ಬಂದ ದಾರಿಯಲ್ಲೇ ವಾಪಸ್ ಕಳಿಸಬೇಕು. ಅವರಿಗಾಗಿ ಹತ್ತಿದ ಕಡೆ ಒಂದು ಜೀಪ್ ಗೊತ್ತು ಮಾಡಿಟ್ಟರೆ ಏನು ಜಾಸ್ತಿ ಖರ್ಚಾಗುತ್ತದೆ?

ಅರಣ್ಯ ಇಲಾಖೆಗೂ ಒಂದು ಮನವಿ. 2024ರ ಜನವರಿಯಲ್ಲಿ ಇದೇ ಬೆಟ್ಟದಲ್ಲಿ ಕಿಕ್ಕಿರಿದು ಸೇರಿದ್ದ ಜನರ ಚಿತ್ರ ನೋಡಿದವರಿಗೆ ಆಮೇಲೆ ಬಂದ ಆನ್‌ಲೈನ್ ಬುಕಿಂಗ್, ದಿನದ ಮಿತಿ ಎಷ್ಟು ಬೇಕಿತ್ತು ಅಂತ ಗೊತ್ತು. ನಾವು ಹತ್ತುವಾಗ ಪ್ಲಾಸ್ಟಿಕ್ ಬಾಟಲಿಗಳನ್ನೂ ಎಣಿಸಿ ಬರೆದುಕೊಂಡರು. ತುಂಬಾ ಒಳ್ಳೆಯ ಕೆಲಸ. ಹಾಗೆಯೇ ಬೀದಳ್ಳಿಯಲ್ಲಿ ಹತ್ತಿದವರ ಪಟ್ಟಿ ಮಧ್ಯಾಹ್ನವೇ ಗಿರಿಗದ್ದೆ ಗೇಟಿಗೆ ಬರಲಿ. ಇಳಿದು ಬಂದವರ ಹೆಸರಿಗೆ ಅಲ್ಲಿ ಗುರುತು ಹಾಕಲಿ. ಗುರುತು ಬೀಳದ ಹೆಸರು ಯಾವುದು ಅಂತ ಐದು ಗಂಟೆಗೇ ಗೊತ್ತಾಗುತ್ತದೆ. ಹುಡುಕಿಕೊಂಡು ಹೋಗಲು ಆಗ ಇನ್ನೂ ಒಂದು ಗಂಟೆ ಬೆಳಕಿರುತ್ತದೆ.

– ನಿವೃತ್ತ ದೈಹಿಕ ಶಿಕ್ಷಕ, ವಿಜಯನಗರ, ಬೆಂಗಳೂರು