ದೀಪಸ್ತಂಭದ ಬಾಗಿಲು ಬೆಳಿಗ್ಗೆಯೂ ತೆರೆಯಲಿ

ಮಾನ್ಯರೇ,

ಮೂಡಿಗೆರೆ ಕಡೆಯ ಶಾಲೆಗಳ ಪ್ರವಾಸ ಅಂದರೆ ಧರ್ಮಸ್ಥಳ, ಉಡುಪಿ, ಮಲ್ಪೆ, ವಾಪಸ್. ಕಾಪುವಿನ ದೀಪಸ್ತಂಭವೂ ಈ ಪಟ್ಟಿಗೆ ಸೇರಬೇಕು. ತೊಡಕು ಒಂದೇ, ಅಲ್ಲಿ ಮೇಲೆ ಹತ್ತಲು ಬಿಡುವುದು ಸಂಜೆ ಹೊತ್ತು. ಹತ್ತಿ ಇಳಿದು, ತಲೆ ಎಣಿಸಿ ಮಕ್ಕಳನ್ನು ಬಸ್ಸಿಗೆ ಕೂರಿಸುವಷ್ಟರಲ್ಲಿ ಕತ್ತಲು. ಆಮೇಲೆ ಕಾರ್ಕಳ, ಬೆಳ್ತಂಗಡಿ, ಉಜಿರೆ ದಾಟಿ ರಾತ್ರಿ ಮಂಜಿನಲ್ಲಿ ಚಾರ್ಮಾಡಿ ಹತ್ತಲು ಯಾವ ಮೇಷ್ಟ್ರು ಒಪ್ಪುತ್ತಾರೆ?

ಕಾಫಿ ಕೊಯ್ಲು ಮುಗಿದ ಮೇಲೆ ನಾವು ಕೆಲವರು ಮಟ್ಟುವಿನಿಂದ ಕೈಪುಂಜಾಲು ಹಾದು ಕಡಲ ದಂಡೆಯಲ್ಲೇ ಕಾಪುವಿಗೆ ನಡೆದೆವು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ತೆಂಗು, ಮರಳ ಮೇಲೆ ಎಳೆದಿಟ್ಟ ದೋಣಿಗಳು. ಆ ಬಿಸಿಲಿಗೆ ಘಟ್ಟದ ಮೇಲಿನವರು ಸುಸ್ತಾಗಿದ್ದು ಬೇರೆ ಮಾತು. ರಾತ್ರಿ ಉಡುಪಿಯಲ್ಲಿ ಉಳಿಯುವ ಅನುಕೂಲ ನಮಗಿತ್ತು. ಶಾಲೆ ಬಸ್ಸಿಗೆ ಅದಿರುವುದಿಲ್ಲ.

ಸ್ತಂಭ ಕಟ್ಟಿದ್ದು 1901ರಲ್ಲಿ. ಎತ್ತರ ಸುಮಾರು 27 ಮೀಟರ್, ಅದೂ ಬಂಡೆಯ ನೆತ್ತಿಯ ಮೇಲೆ. ಒಳಗಿನ ಸುತ್ತು ಮೆಟ್ಟಿಲಲ್ಲಿ ಇಳಿಯುವವರು ಎದುರಾದರೆ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಮೇಲೆ ಹೋದರೆ ಟೋಪಿ ಹಿಡಿದುಕೊಳ್ಳಬೇಕು, ಅಷ್ಟು ಗಾಳಿ. ಮಕ್ಕಳಿಗೆ ಇದಕ್ಕಿಂತ ಒಳ್ಳೆ ಪಾಠದ ಜಾಗ ಸಿಗುವುದು ಕಷ್ಟ. ಭೂಮಿ ದುಂಡಗಿರುವುದರಿಂದ ದೀಪ ಎತ್ತರದಲ್ಲಿದ್ದಷ್ಟೂ ದೂರದ ದೋಣಿಗೆ ಕಾಣುತ್ತದೆ. 27 ಮೀಟರ್ ಎತ್ತರದಿಂದ ದಿಗಂತ ಸುಮಾರು 18 ಕಿ.ಮೀ. ದೂರ. ಬಂಡೆಯ ಎತ್ತರ ಸೇರಿಸಿದರೆ ಇನ್ನೂ ಜಾಸ್ತಿ. ಒಂದೊಂದು ದೀಪಸ್ತಂಭ ಮಿನುಗುವ ಲೆಕ್ಕವೂ ಬೇರೆ ಬೇರೆ. ಅದನ್ನು ಎಣಿಸಿಯೇ ಹಡಗಿನವರು ಇದು ಇಂಥ ಊರು ಅಂತ ಗುರುತು ಹಿಡಿಯುತ್ತಿದ್ದರು. ಜಿಪಿಎಸ್ ಬಂದರೂ ದೀಪ ಆರಿಸಿಲ್ಲ. ಯಂತ್ರ ಕೈಕೊಟ್ಟರೆ ಕಣ್ಣೇ ಗತಿ ತಾನೇ?

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ದೇಶದ 75 ದೀಪಸ್ತಂಭಗಳ ಪ್ರವಾಸಿ ಸೌಲಭ್ಯಗಳನ್ನು ಉದ್ಘಾಟಿಸಿತು. ಸಂತೋಷ. ಬಾಗಿಲು ತೆರೆದಿರುವ ಹೊತ್ತು ಕೂಡ ಒಂದು ಸೌಲಭ್ಯವೇ ಅಲ್ವಾ? ಸುಮ್ನೆ ಸೆಲ್ಫಿಗೆ ಜಾಗ ಮಾಡಿದರೆ ಸಾಲದು.

ರಾತ್ರಿಯೆಲ್ಲ ದೀಪ ನೋಡಿಕೊಳ್ಳುವ ಸಿಬ್ಬಂದಿಗೆ ದಿನವೂ ಬೆಳಿಗ್ಗೆ ಬಾಗಿಲು ತೆಗೆಯಿರಿ ಎನ್ನುವುದು ಸರಿಯಲ್ಲ. ಡಿಸೆಂಬರ್, ಜನವರಿಯ ಪ್ರವಾಸದ ಕಾಲದಲ್ಲಿ, ಶಾಲೆಯವರು ಮೊದಲೇ ಪತ್ರ ಬರೆದು ಕೇಳಿಕೊಂಡರೆ, ಬೆಳಿಗ್ಗೆ ಒಂದು ಗಂಟೆ ಬಿಟ್ಟರೆ ಸಾಕು. ಅದಕ್ಕೆ ಬೇರೆ ಶುಲ್ಕ ಇಟ್ಟರೂ ಕೊಡೋಣ.

– ಒಬ್ಬ ಓದುಗ, ಮೂಡಿಗೆರೆ