ಮಳೆಗೆ ಮುನಿಯುವ ನಾಗದಾಳಿ

ಪ್ರೀತಿಯ ಗೆಳೆಯಾ,

ಇಥಿಯೋಪಿಯಾದ ಅಡುಗೆಗೆಂದು ನೆಟ್ಟ ನಾಗದಾಳಿ ಗಿಡ (ಇಂಗ್ಲಿಷಿನ ‘ರೂ’, ಘಾಟು ವಾಸನೆಯ ಸೊಪ್ಪು) ಈ ಸಲವೂ ಸತ್ತಿತೆಂದು ಬರೆದಿದ್ದೀಯ. ಅದನ್ನು ಕೊಂದದ್ದು ಗೊಬ್ಬರದ ಕೊರತೆಯಲ್ಲ, ನೀರು. ಜುಲೈ-ಆಗಸ್ಟ್‌ನ ಕಕ್ಕಡದ ಮಳೆಯಲ್ಲಿ ಬೇರು ನೆನೆದೇ ಇದ್ದರೆ ಬುಡ ಕಪ್ಪಾಗಿ ಕೊಳೆಯುತ್ತದೆ. ಎಲೆ ಬಾಡಿದ್ದು ಕಂಡು ಇನ್ನೊಂದು ಚೊಂಬು ಹೊಯ್ದರಂತೂ ಮುಗಿಯಿತು.

ಎಂಟು ಇಂಚಿನ ಮಣ್ಣಿನ ಕುಂಡ ತೆಗೆದುಕೋ, ಪ್ಲಾಸ್ಟಿಕ್ ಬೇಡ. ತೂತಿನ ಮೇಲೆ ಒಡೆದ ಹಂಚಿನ ಚೂರು ಇಡು. ಎರಡು ಪಾಲು ಮಣ್ಣು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಹಳೆಯ ಸಗಣಿಗೊಬ್ಬರ ಬೆರೆಸು. ನಮ್ಮ ತೋಟದ ಮಣ್ಣು ಹುಳಿ, ಈ ಗಿಡಕ್ಕೆ ಅದು ಒಗ್ಗದು. ಕಾಫಿ ಗಿಡಕ್ಕೆ ಹಾಕುವ ಸುಣ್ಣವನ್ನೇ ಕುಂಡಕ್ಕೊಂದು ಚಮಚ ಬೆರೆಸಿ, ಎರಡು ವಾರ ಬಿಟ್ಟು ನೆಡು. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಬೆಳಗಿನ ಬಿಸಿಲು ಬೀಳುವ ಮಾಡಿನಡಿ ಇಡು. ಬೆರಳು ಎರಡು ಗೆಣ್ಣು ಇಳಿಸಿದರೂ ಒಣ ಎನಿಸಿದರೆ ಮಾತ್ರ ನೀರು. ಸೊಪ್ಪು ಕೊಯ್ಯುವುದು ಸಂಜೆ, ಆಮೇಲೆ ಕೈ ತೊಳೆ: ರಸ ಮೆತ್ತಿದ ಚರ್ಮಕ್ಕೆ ಬಿಸಿಲು ತಾಗಿದರೆ ಸುಟ್ಟಂತೆ ಬೊಕ್ಕೆ ಏಳುತ್ತದೆ.

ಕಾಮಕಸ್ತೂರಿಯದು ಬೇರೆ ಗುಣ. ಅದಕ್ಕೆ ನೀರು ಬೇಕು, ಆದರೆ ಎಲೆಯ ಮೇಲೆ ಸದಾ ತೇವ ನಿಂತರೆ ಕಲೆ ಬಿದ್ದು ಉದುರುತ್ತದೆ. ಅಕ್ಟೋಬರ್‌ನಲ್ಲಿ ಬಿತ್ತಿ, ಮಳೆ ಹಿಡಿಯುವ ಮೊದಲೇ ಹೂತೆನೆ ಸಮೇತ ನೆರಳಲ್ಲಿ ಗರಿಗರಿಯಾಗಿ ಒಣಗಿಸಿಡು. ಇಥಿಯೋಪಿಯಾದವರ ಬೆಸೊಬೆಲಾ ಸೊಪ್ಪು ಇದೇ ಕುಲದ್ದು.

ಆ ಒಣ ಸೊಪ್ಪು ಹೋಗಬೇಕಾದ್ದು ನಿತರ್ ಕಿಬ್ಬೆಗೆ, ಅಂದರೆ ಅವರ ಮಸಾಲೆ ತುಪ್ಪಕ್ಕೆ. ಅವರ ಅಡುಗೆ ಬರೀ ಖಾರ ಅನ್ನುವವರು ಈ ತುಪ್ಪ ಮೂಸಿರುವುದಿಲ್ಲ. ಅರ್ಧ ಕಿಲೋ ಉಪ್ಪಿಲ್ಲದ ಬೆಣ್ಣೆ, ಅರ್ಧ ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಅರ್ಧ ಚಮಚ ಮೆಂತ್ಯ, ಕಾಲು ಚಮಚ ಅರಿಶಿನ, ಒಂದು ಚಮಚ ಕಾಮಕಸ್ತೂರಿ. ಅವರ ಕೊರರಿಮಾ ಬದಲಿಗೆ ನಮ್ಮ ಏಲಕ್ಕಿ ನಾಲ್ಕೇ ನಾಲ್ಕು; ಹೆಚ್ಚಾದರೆ ಪಾಯಸದ ವಾಸನೆ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕಾಯಿಸಿ, ತಳದ ಗಷ್ಟು ಕೆಂಪಾಗುತ್ತಲೇ ಬಟ್ಟೆಯಲ್ಲಿ ಸೋಸು. ಹಸಿ ಸೊಪ್ಪು ಹಾಕಬೇಡ, ನೀರಿನಂಶ ಉಳಿದರೆ ಬೂಸಲು ಹಿಡಿಯುತ್ತದೆ.

ಮಸೂರ್ ಬೇಳೆಯ ವೊಟ್‌ಗೆ, ಅಂದರೆ ಅವರ ಗಟ್ಟಿ ಸಾರಿಗೆ, ಈರುಳ್ಳಿಯನ್ನು ಮೊದಲು ಎಣ್ಣೆಯಿಲ್ಲದೆಯೇ ಹದಿನೈದು ನಿಮಿಷ ಬಾಡಿಸು. ತಳ ಹಿಡಿದರೆ ಚಮಚ ನೀರು ಚಿಮುಕಿಸು. ಬರ್ಬೆರೆ (ಅವರ ಮೆಣಸಿನ ಮಸಾಲೆ) ಪುಡಿ, ತುಪ್ಪ ಆಮೇಲೆ. ಬುಧವಾರ, ಶುಕ್ರವಾರ ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರಿಗೆ ಉಪವಾಸ, ಆಗ ತುಪ್ಪದ ಬದಲು ಎಣ್ಣೆ. ಜೊತೆಗೆ ತಿನ್ನುವ ಇಂಜೆರಾಗೆ, ಅಂದರೆ ಅವರ ಹುಳಿ ದೋಸೆಗೆ, ಟೆಫ್ ಎಂಬ ಅಲ್ಲಿನ ಸಣ್ಣ ಧಾನ್ಯ ಸಿಗದಿದ್ದರೆ ಮೂರು ದಿನ ಹುಳಿಸಿದ ತೆಳು ರಾಗಿ ಹಿಟ್ಟಾದೀತು. ಮುಚ್ಚಿ ಬೇಯಿಸು, ಮಗುಚಬೇಡ.

ನಾಗದಾಳಿ ಕಾಫಿಗೆ. ಅಲ್ಲಿನ ಅಮ್ಹಾರಿಕ್ ಭಾಷೆಯಲ್ಲಿ ಅದು ತೆನಾ ಆದಾಮ್, ಆದಾಮನ ಆರೋಗ್ಯ. ಹಾಲಿಲ್ಲದ ಬಿಸಿ ಕಾಫಿಯಲ್ಲಿ ಒಂದಿಂಚು ಕುಡಿ ಅದ್ದಿ, ನಿಮಿಷದಲ್ಲಿ ತೆಗೆ, ಮರೆತರೆ ಕಹಿ. ಬೆಲ್ಲದ ಕಾಫಿಗೂ ಒಪ್ಪುತ್ತದೆ. ಬಸುರಿಯರಿಗೆ ಮಾತ್ರ ಆ ಲೋಟ ಕೊಡಬೇಡ, ನಾಗದಾಳಿ ಗರ್ಭಕ್ಕೆ ಆಗದು.

ಇಂತಿ ನಿನ್ನ
ಗೆಳೆಯ