ಮೈಲೇಜ್ ಪಟ್ಟಿಯಲ್ಲಿ ಗುಂಡಿಗೆ ಜಾಗ ಇಲ್ವಾ?

ಮಾನ್ಯ ಸಂಪಾದಕರೇ,

ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಪೆಟ್ರೋಲ್-ಡೀಸೆಲ್ ಖರ್ಚಿನ ವರದಿ ಓದಿದೆ. ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ., ಡೀಸೆಲ್ ಕಾರು 20 ಕಿ.ಮೀ., ಆದ್ದರಿಂದ ಡೀಸೆಲ್ಲೇ ಲಾಭ ಅಂತ ಪಟ್ಟಿ ಹಾಕಿ ತೀರ್ಪು ಕೊಟ್ಟಿದ್ದೀರಿ. ನನ್ನದೂ ಡೀಸೆಲ್ ಕಾರೇ. ಓದಿ ಮನೆಯವರಿಗೆಲ್ಲ ತೋರಿಸಿ ಬೀಗಿದ್ದೆ. ಮಂಗಳವಾರ ಬೆಳಿಗ್ಗೆ ಅದೇ ಕಾರು ಸರ್ವೀಸ್ ರಸ್ತೆಯ ಅಗೆತದ ಪಕ್ಕ ಮಕಾಡೆ ಮಲಗಿತು.

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ಹಳದಿ ದೀಪವೊಂದು ನಾಲ್ಕು ದಿನದಿಂದ ಹತ್ತಿಕೊಂಡೇ ಇತ್ತು. ನಾನೂ ಸುಮ್ನಿದ್ದೆ, ತಪ್ಪು ನನ್ನದೇ ಇರಲಿ. ಆವತ್ತು ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ಎಳೆಯಲಿಲ್ಲ. ಹಿಂದೆ ಹಾರ್ನೋ ಹಾರ್ನು. ಒಬ್ಬರು ಪಕ್ಕಕ್ಕೆ ಬಂದು ಗಾಜು ಇಳಿಸಿ, 'ಡೀಸೆಲ್ ಮುಗೀತಾ?' ಅಂತ ಕೇಳಿ ಹೋದರು. ಹಿಂದಿನ ಸಂಜೆ ತಾನೇ ಟ್ಯಾಂಕ್ ತುಂಬಿಸಿದ್ದೆ ಸ್ವಾಮಿ! ಟೋಯಿಂಗ್ ಗಾಡಿ ಬರುವುದಕ್ಕೆ ಎರಡೂವರೆ ಗಂಟೆ. ಅರ್ಧ ದಿನದ ರಜೆ ಹೋಯಿತು. ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ತಪ್ಪಿತು. ಧೂಳು ಕುಡಿದು ನನ್ನ ಗಂಟಲೂ ಕೂತಿತು.

ಗ್ಯಾರೇಜಿನವನು ಕೇಳಿದ್ದು ಒಂದೇ ಪ್ರಶ್ನೆ. 'ದಿನಾ ಎಷ್ಟು ಓಡಿಸ್ತೀರಾ ಸಾರ್?' ಹೋಗಿ ಬರುವುದು ಸೇರಿ ಹತ್ತು ಕಿಲೋಮೀಟರ್ ಅಂದೆ. 'ಅಷ್ಟಕ್ಕೆ ಡೀಸೆಲ್ ಯಾಕೆ ಸಾರ್?' ಅಂದ. ಇಂಜಿನ್ನಿನಿಂದ ಹೊಗೆ ಬರುವ ಪೈಪು ಬಿಚ್ಚಿ ಒಳಗೆ ಬೆರಳಿಟ್ಟು ತೆಗೆದ. ಬೆರಳು ಬಾಣಲೆಯ ತಳದ ಹಾಗೆ ಕಪ್ಪಾಗಿತ್ತು. ಒಳಗೆ ಮಸಿ ಹಿಡಿಯುವ ಫಿಲ್ಟರ್ ಇರುತ್ತದಂತೆ, ಡಿಪಿಎಫ್ ಅನ್ನುತ್ತಾರೆ. ಗಾಡಿ ಒಂದೇ ಸಮನೆ ಒಳ್ಳೆ ವೇಗದಲ್ಲಿ ಇಪ್ಪತ್ತು ನಿಮಿಷವಾದರೂ ಓಡಿದರೆ ಹೊಗೆ ಚೆನ್ನಾಗಿ ಕಾದು ಆ ಮಸಿ ತಾನೇ ಸುಟ್ಟುಹೋಗುತ್ತದೆ. ಫಸ್ಟ್ ಗೇರು, ಸೆಕೆಂಡ್ ಗೇರು, ಮತ್ತೆ ಫಸ್ಟ್ ಗೇರು ಅಂತ ತೆವಳಿದರೆ ಕಟ್ಟಿಕೊಳ್ಳುತ್ತದೆ. ಸುಡುವುದಕ್ಕೆ ಇಂಜಿನ್ ಜಾಸ್ತಿ ಡೀಸೆಲ್ ಬೇರೆ ಬಿಡುತ್ತದೆ. ನಡುವೆ ಗಾಡಿ ಆಫ್ ಮಾಡಿದರೆ ಅದರಲ್ಲಿ ಒಂದಿಷ್ಟು ಇಂಜಿನ್ ಆಯಿಲಿಗೆ ಇಳಿದು ಆಯಿಲ್ಲೂ ತೆಳುವಾಗುತ್ತದೆ. ಇದೆಲ್ಲ ನಿಮ್ಮ ಪಟ್ಟಿಯ ಯಾವ ಕಾಲಮ್ಮಿನಲ್ಲಿದೆ?

ರಾತ್ರಿ ನಿದ್ದೆ ಬರದೆ ನಾನೇ ಲೆಕ್ಕ ಹಾಕಿದೆ. ವರ್ಷಕ್ಕೆ 300 ದಿನ, 3,000 ಕಿಲೋಮೀಟರ್. ನಿಮ್ಮದೇ ಮೈಲೇಜ್ ಹಿಡಿದರೆ ಪೆಟ್ರೋಲ್ 200 ಲೀಟರ್, ಡೀಸೆಲ್ 150 ಲೀಟರ್. ವರ್ಷಕ್ಕೆ ಉಳಿಯುವುದು ಬರೀ 50 ಲೀಟರ್! ಡೀಸೆಲ್ ಕಾರಿಗೆ ಶೋರೂಮಿನಲ್ಲಿ ಮೊದಲೇ ಕೊಟ್ಟ ಜಾಸ್ತಿ ದುಡ್ಡು ಈ 50 ಲೀಟರಿನಲ್ಲಿ ಯಾವ ಕಾಲಕ್ಕೆ ವಾಪಸ್ ಬರಬೇಕು? ನಡುವೆ ಒಂದು ಇಂಜೆಕ್ಟರ್ ಕೆಟ್ಟರೆ, ಟರ್ಬೋ ಕೈಕೊಟ್ಟರೆ, ಉಳಿಸಿದ್ದೆಲ್ಲ ಗ್ಯಾರೇಜಿಗೇ ಸಮರ್ಪಣೆ. ದಿನಾ ನೂರಾರು ಕಿಲೋಮೀಟರ್ ಹೆದ್ದಾರಿಯಲ್ಲಿ ಓಡುವವರ ಲೆಕ್ಕ ಬೇರೆ. ಒಂದು ಲೀಟರ್ ಡೀಸೆಲ್ಲಿನಲ್ಲಿ ಪೆಟ್ರೋಲಿಗಿಂತ ಹತ್ತು ಪರ್ಸೆಂಟಿಗೂ ಜಾಸ್ತಿ ಶಕ್ತಿ ಇದೆ, ಇಂಜಿನ್ನೂ ಅದನ್ನು ಚೆನ್ನಾಗಿ ದುಡಿಸಿಕೊಳ್ಳುತ್ತದೆ. ಅವರಿಗೆ ಲಾಭವೇ. ಅದನ್ನು ಒಂದು ಸಾಲಿನಲ್ಲಾದರೂ ಬರೆಯಬಹುದಿತ್ತು ಅಲ್ವಾ?

'ಹೈವೇಗೆ ಹೋಗಿ ಒಂದು ರೌಂಡ್ ಹೊಡೆಸಿ ಸಾರ್, ತಿಂಗಳಿಗೆರಡು ಸಲ' ಅಂದ ಗ್ಯಾರೇಜಿನವನು. ಸಲಹೆಯೇನೋ ಒಳ್ಳೆಯದೇ. ಆದರೆ ನಮ್ಮ ಕಡೆಯಿಂದ ಹೈವೇಗೆ ಹೋಗಬೇಕಾದರೆ ಆ ಅಗೆತವನ್ನೇ ದಾಟಬೇಕು. ರುಡಾಲ್ಫ್ ಡೀಸೆಲ್ 1897ರಲ್ಲಿ ತನ್ನ ಇಂಜಿನ್ ಓಡಿಸಿ ತೋರಿಸಿದಾಗ ಈ ಗುಂಡಿ ಇರಲಿಲ್ಲ, ಪುಣ್ಯಾತ್ಮ ಬಚಾವಾದ. ಮೊದಲು ನೀರಿನ ಪೈಪಿಗೆ ಅಂತ ಅಗೆದರು. ಮುಚ್ಚಿದರು. ಡಾಂಬರು ಆರುವ ಮೊದಲೇ ಕೇಬಲ್ಲಿನವರು ಬಂದರು. ಈಗ ಚರಂಡಿಯವರ ಸರದಿ. ಇಂಜಿನಿಯರ್ ಸಾಹೇಬರು ಒಂದು ಸಲ ಬಂದಿದ್ದರು, ಫೋಟೋ ತೆಗೆಸಿಕೊಂಡು ಹೋದರು. ನಾನು ಕೊಟ್ಟ ಅರ್ಜಿಗೆ 'ಸಂಬಂಧಪಟ್ಟ ವಿಭಾಗಕ್ಕೆ ಕಳಿಸಲಾಗಿದೆ' ಅಂತ ಉತ್ತರ ಬಂತು. ಆ ವಿಭಾಗಕ್ಕೆ ಹೋದರೆ ನಮಗೆ ಬಂದೇ ಇಲ್ಲ ಅಂದರು. ಬೀದಿದೀಪದ ಅರ್ಜಿಗೂ ಇದೇ ಗತಿಯಾಗಿತ್ತು. ಅದರ ಕಥೆ ಇನ್ನೊಮ್ಮೆ ಬರೆಯುತ್ತೇನೆ. ಇವರ ಜೀಪು ಯಾವುದರಲ್ಲಿ ಓಡಿದರೇನು, ತುಂಬಿಸುವುದು ನಮ್ಮ ತೆರಿಗೆ ದುಡ್ಡಿನಲ್ಲಿ ತಾನೇ? ಮೈಲೇಜಿನ ಚಿಂತೆ ಅವರಿಗೇಕೆ!

ಆದ್ದರಿಂದ ನೀವು ಆ ಪಟ್ಟಿಯನ್ನು ತಿದ್ದಿ ಇನ್ನೊಮ್ಮೆ ಹಾಕಬೇಕು. ಇಲ್ಲವೇ ಅವರು ಗುಂಡಿ ಮುಚ್ಚಬೇಕು. ಎರಡೂ ಆದರೆ ಸಂತೋಷ. ಯಾವುದೂ ಆಗದಿದ್ದರೆ ಸಾಹೇಬರೇ ಒಂದು ದಿನ ಬಂದು ನನ್ನ ಕಾರನ್ನು ಆಫೀಸಿನವರೆಗೆ ಓಡಿಸಿಕೊಂಡು ಹೋಗಲಿ, ಬೀಗದ ಕೈ ನಾನೇ ಕೊಡುತ್ತೇನೆ. ಹಳದಿ ದೀಪ ಇವತ್ತು ಬೆಳಿಗ್ಗೆ ಮತ್ತೆ ಹತ್ತಿಕೊಂಡಿದೆ.

ಇಂತಿ,
ನಿಮ್ಮ ಹಳೆಯ ಓದುಗ